ಲಾಕ್ ಆದ ಮಿಲಿಟರಿ ಜೆನ್‌ಸೆಟ್ಟನ್ನು ಏಳಿಸಿದ ಕಥೆ

ಹರಾಜಿನಲ್ಲಿ ಬಂದ ಮಿಲಿಟರಿ ಜೆನ್‌ಸೆಟ್ (ಡೀಸೆಲ್ ಜನರೇಟರ್) ಕಂಪನಿಯವರ ಲ್ಯಾಪ್‌ಟಾಪ್ ಇಲ್ಲದೆ ಏಳೋದಿಲ್ಲ ಅಂತ ಶಿವಮೊಗ್ಗದ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿನಲ್ಲಿ ನನಗೆ ಹೇಳದವರಿಲ್ಲ. ಈ ಸಲದ ಅಡಿಕೆ ಸುಗ್ಗಿಯಲ್ಲಿ ಅದೇ ಸೆಟ್ಟು ತೀರ್ಥಹಳ್ಳಿ ಕಡೆಯ ಖೇಣಿದಾರರೊಬ್ಬರ (ತೋಟದ ಫಸಲು ಗುತ್ತಿಗೆ ಹಿಡಿಯುವವರು) ಅಂಗಳದಲ್ಲಿ ಸುಲಿಯುವ ಯಂತ್ರಗಳನ್ನೆಲ್ಲ ಓಡಿಸಿದೆ. ಹೇಳಿದವರಲ್ಲಿ ಇಬ್ಬರು ಈಗ ಗಿರಾಕಿಗಳನ್ನು ನನ್ನ ಹತ್ತಿರವೇ ಕಳಿಸುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಸೆಟ್ಟು ಸುಮಾರು 30 ಕೆವಿಎ, 24 ವೋಲ್ಟ್ ಸ್ಟಾರ್ಟಿಂಗ್. ಕೇಂದ್ರ ಸರ್ಕಾರದ ಎಂಎಸ್‌ಟಿಸಿ ಕಂಪನಿ ನಡೆಸುವ ಹರಾಜಿನ ಲಾಟು, 'ಇದ್ದಲ್ಲೇ ಇದ್ದ ಹಾಗೆ' ಲೆಕ್ಕ. ತೊಂಬತ್ತು ಸಾವಿರದ ಆಸುಪಾಸು ಬಿತ್ತು. ತೆರಿಗೆ, ಕ್ರೇನು, ಲಾರಿ ಬಾಡಿಗೆ ಸೇರಿ ಒಂದೂಕಾಲು ಲಕ್ಷ ದಾಟಿತು. ಎಂಜಿನ್ ಸೊಗಸಾಗಿತ್ತು, ಆಲ್ಟರ್ನೇಟರಿಗೆ ಮೆಗ್ಗರ್ (ಇನ್ಸುಲೇಶನ್ ನೋಡುವ ಮೀಟರ್) ಹಾಕಿದರೆ ಅದೂ ಚೆನ್ನ. ಸತ್ತದ್ದು ಗವರ್ನರ್ ಕಂಟ್ರೋಲರ್ ಮಾತ್ರ, ಅಂದರೆ ಎಂಜಿನ್ ವೇಗ ಹಿಡಿದಿಡುವ ಎಲೆಕ್ಟ್ರಾನಿಕ್ ಕಾರ್ಡು. ಸ್ಟಾರ್ಟ್ ಆಗಿ ಹತ್ತು ಸೆಕೆಂಡಿಗೆ ನಿಲ್ಲುತ್ತದೆ, ನಾಲ್ಕೈದು ಸಲ ಹಾಗಾದರೆ ಲಾಕ್. ಆ ಲಾಕ್ ತೆಗೆಯೋದು ಕಂಪನಿ ಎಂಜಿನಿಯರನ ಲ್ಯಾಪ್‌ಟಾಪಿಗೆ ಮಾತ್ರ ಗೊತ್ತು. ಫೋನ್ ಮಾಡಿದರೆ, "ಡಿಫೆನ್ಸ್ ಸಪ್ಲೈ ಸಾರ್, ಡ್ರಾಯಿಂಗ್ ಕೊಡಲ್ಲ, ಕಾರ್ಡ್ ರಿಪೇರಿ ಇಲ್ಲ, ಪೂರ್ತಿ ಪ್ಯಾನೆಲ್ ತಗೊಳ್ಳಿ" ಅಂದರು. ಕೊಟೇಶನ್ ಎರಡು ಲಕ್ಷಕ್ಕೆ ಸ್ವಲ್ಪ ಕಮ್ಮಿ.

ನಾನು ಸೇನೆಯ ರಿಪೇರಿ ವಿಭಾಗವಾದ ಇಎಂಇಯಿಂದ ಹವಾಲ್ದಾರನಾಗಿ ರಿಟೈರ್ ಆದವನು, ಈ ರಾಗ ನನಗೆ ಹೊಸತೇನಲ್ಲ. ವಾರಂಟಿ ಸೀಲ್ ಮುಟ್ಟಬಾರದು ಅಂತ ಕೈಯಲ್ಲಿ ಸ್ಪ್ಯಾನರ್ ಹಿಡಿದುಕೊಂಡೇ ಕಂಪನಿಯವನ ದಾರಿ ಕಾದಿದ್ದೇವೆ. ಅಮೆರಿಕದ ಸೈನ್ಯಕ್ಕೂ ಇದೇ ಪಾಡು. ಬ್ಲ್ಯಾಕ್ ಹಾಕ್ ಹೆಲಿಕಾಪ್ಟರಿನ ಸ್ಕ್ರೀನಿನ ಒಂದು ತಿರುಪು ಗುಂಡಿ ಮುರಿದರೆ ಅದೊಂದನ್ನೇ ಮಾರೋದಿಲ್ಲ, ಪೂರ್ತಿ ಜೋಡಣೆಯನ್ನೇ 47,000 ಡಾಲರಿಗೆ ಕೊಳ್ಳಬೇಕು. ನಾವೇ ಮಾಡಿಕೊಂಡರೆ 15 ಡಾಲರ್ ಅಂತ 2025ರಲ್ಲಿ ಅಲ್ಲಿನ ಭೂಸೇನಾ ಕಾರ್ಯದರ್ಶಿ ಡ್ಯಾನ್ ಡ್ರಿಸ್ಕಾಲ್ ಬಹಿರಂಗವಾಗಿ ಹೇಳಿದರು. ನನ್ನ ಪ್ಯಾನೆಲ್ ಲೆಕ್ಕವೂ ಅದೇ ಜಾತಿ.

ಮೊದಲು ಕಾರ್ಡನ್ನೇ ಬದುಕಿಸಲು ನೋಡಿದೆ. ಬೆಂಗಳೂರಿನ ಎಸ್‌.ಪಿ. ರಸ್ತೆಗೆ ಕಳಿಸಿದ್ದಕ್ಕೆ ಐದಾರು ಸಾವಿರ ಹೋಯಿತು, ಕಾರ್ಡು ಹೋದ ಹಾಗೇ ವಾಪಸು ಬಂತು. ಪೂರ್ತಿ ಕಪ್ಪು ಎಪಾಕ್ಸಿ ಸುರಿದು ಮುಚ್ಚಿದ್ದಾರೆ. ಹೀಟ್ ಗನ್ ಹಿಡಿದರೆ ಎಪಾಕ್ಸಿ ಜೊತೆಗೆ ಕಾರ್ಡಿನ ತಾಮ್ರದ ಟ್ರ್ಯಾಕೂ ಎದ್ದು ಬರುತ್ತದೆ. ಹೇಗೋ ಬಿಡಿಸಿದರೆ ಐಸಿ ಚಿಪ್ಪುಗಳ ನಂಬರನ್ನೇ ಕೆರೆದು ತೆಗೆದಿದ್ದಾರೆ ಮಾರಾಯ್ರೆ! ಆಮೇಲೆ ಸೆಕೆಂಡ್ ಹ್ಯಾಂಡ್ ಕಂಟ್ರೋಲರ್ ಒಂದನ್ನು ಏಳೆಂಟು ಸಾವಿರಕ್ಕೆ ತಂದೆ. ಅದು 12 ವೋಲ್ಟಿಂದು, ಡೀಸೆಲ್ ಹೆಚ್ಚುಕಮ್ಮಿ ಮಾಡುವ ಆಕ್ಚುಯೇಟರ್ ಅಲ್ಲಾಡಲೇ ಇಲ್ಲ.

ಅಲ್ಲಿಗೆ ಹಳೇ ಕಾರ್ಡಿನ ಆಸೆ ಬಿಟ್ಟೆ. ಎಂಜಿನ್, ಆಕ್ಚುಯೇಟರ್, ವೇಗ ಅಳೆಯುವ ಪಿಕಪ್ ಸೆನ್ಸರ್ ಮೂರೂ ನನ್ನವು. ಮಿದುಳು ಮಾತ್ರ ಬಜಾರಿಂದು ಹಾಕೋಣ ಅಂತ ಲೆಕ್ಕ. ಪಿಕಪ್ಪಿನ ಮುಂದೆ ಹಾಯುವ ಫ್ಲೈವ್ಹೀಲ್ ಹಲ್ಲು ಎಣಿಸಿದೆ, 118. 1500 ಆರ್‌ಪಿಎಂಗೆ ಪಿಕಪ್ಪಿನಿಂದ 2950 ಹರ್ಟ್ಜ್ ಬರಬೇಕು. ಗೇನ್, ಸ್ಟೆಬಿಲಿಟಿ ಅಂತ ಸ್ಕ್ರೂ ತಿರುಗಿಸುವ ಸಾದಾ 24 ವೋಲ್ಟ್ ಸ್ಪೀಡ್ ಕಂಟ್ರೋಲರ್ ತರಿಸಿದೆ, ಹದಿನಾಲ್ಕು ಸಾವಿರದ ಹತ್ತಿರ. ಮೊದಲ ಸ್ಟಾರ್ಟಿಗೇ ಎದ್ದಿತು, ಆದರೆ ವಿಪರೀತ ಹಂಟಿಂಗ್, ಅಂದರೆ ವೇಗ ಒಂದೆಡೆ ನಿಲ್ಲದೆ ಏರಿಳಿಯೋದು. ಲೋಡ್ ಹಾಕಿದರೆ 50 ಹರ್ಟ್ಜ್ ಇರಬೇಕಾದದ್ದು 47ಕ್ಕೂ 53ಕ್ಕೂ ತೂಗಾಟ, ಟ್ಯೂಬ್‌ಲೈಟುಗಳೆಲ್ಲ ದೆವ್ವ ಹಿಡಿದ ಹಾಗೆ. ಪಿಕಪ್ ವೈರಿನ ಶೀಲ್ಡನ್ನು ಒಂದೇ ತುದಿಯಲ್ಲಿ ಅರ್ಥ್ ಮಾಡಿದ ಮೇಲೆ ಅರ್ಧ ಕಮ್ಮಿಯಾಯಿತು. ಉಳಿದರ್ಧ ಹೋದದ್ದು ಆಕ್ಚುಯೇಟರಿಗೆ ಸೇರಿಸಿದ ಒಂದು ಸಣ್ಣ ಸಾಮಾನಿನಿಂದ. ಏನು, ಎಷ್ಟು ಓಮು ಅಂತ ಇಲ್ಲಿ ಬರೆಯೋದಿಲ್ಲ; ಶೆಡ್ಡಿಗೆ ಬಂದವರಿಗೆ ತೋರಿಸಬಹುದು, ಅದೂ ಮುಖ ನೋಡಿ. ಓವರ್‌ಸ್ಪೀಡ್ ಮತ್ತು ಆಯಿಲ್ ಪ್ರೆಶರ್ ಕಟ್‌ಆಫ್ ಮಾತ್ರ ಬೇರೆ ರಿಲೇಯಲ್ಲಿ, ಡೀಸೆಲ್ ನಿಲ್ಲಿಸುವ ಬೇರೆ ಸೊಲೆನಾಯ್ಡಿಗೆ ಹಾಕಿದ್ದೇನೆ. ಅದನ್ನು ಬೈಪಾಸ್ ಮಾಡುವವರು ನನ್ನ ಹತ್ತಿರ ಬರಬೇಡಿ. ಎಲ್ಲ ಸೇರಿ ಮೂವತ್ತೈದು ಸಾವಿರದೊಳಗೆ ಮುಗಿಯಿತು, ನನ್ನ ಕೂಲಿ ಬಿಟ್ಟು.

ನಡುವೆ ಇನ್ನೊಂದು ಹುಚ್ಚಾಟವೂ ನಡೆಯಿತು. ಹಳೇ ಪ್ಯಾನೆಲಿನ ದುಂಡನೆಯ ಮಿಲಿಟರಿ ಕನೆಕ್ಟರುಗಳನ್ನು ಬಿಸಾಡಲು ಮನಸ್ಸಾಗದೆ ಭಾವನ ಔಷಧಿ ಹೊಡೆಯುವ ಪಂಪಿನ ಮೋಟರಿಗೆ ಹಾಕಿದೆ. ಬೋರ್ಡೋ ದ್ರಾವಣ, ಆಗುಂಬೆ ಕಡೆಯ ಮಳೆ, ಎರಡನ್ನೂ ತಡೆದುಕೊಂಡಿದೆ. ಹೊಸತು ಕೊಂಡರೆ ಪಂಪಿಗಿಂತ ಅದೇ ದುಬಾರಿಯಾದೀತು. ತೇವ ತಾಗದಿರಲಿ ಅಂತ ಕಾರ್ಡಿಗೆ ಮರದ ಪಾಲಿಶಿನ ಲ್ಯಾಕರ್ ಬಳಿದು ನೋಡಿದ್ದೂ ಉಂಟು, ಆಷಾಢ ಕಳೆಯುವಷ್ಟರಲ್ಲಿ ಬೂಷ್ಟು ಹಿಡಿಯಿತು.

ಕಾನೂನು ಬಂದರೆ ಎಲ್ಲ ಸರಿಹೋಗುತ್ತದೆ ಅನ್ನುವವರಿಗೆ ಒಂದು ಮಾತು. ಅಮೆರಿಕದಲ್ಲಿ ವಾರೆನ್, ಶೀಹಿ ಅಂತ ಎದುರುಬದುರು ಪಕ್ಷದ ಇಬ್ಬರು ಸೆನೆಟರುಗಳು ಸೇರಿ 2025ರ ಜುಲೈನಲ್ಲಿ ಸೈನಿಕರ ರಿಪೇರಿ ಹಕ್ಕಿನ ಮಸೂದೆ ತಂದರು. ರಕ್ಷಣಾ ಕಾಯ್ದೆಯ ಕರಡಿನಲ್ಲೂ ಆ ವಿಷಯ ಸೇರಿತ್ತು. ಡಿಸೆಂಬರಿನಲ್ಲಿ ಅಂತಿಮ ಪಠ್ಯ ಬಂದಾಗ ಮಾಯ! ನಮ್ಮಲ್ಲಿ ಗ್ರಾಹಕ ವ್ಯವಹಾರ ಇಲಾಖೆ 2022ರಲ್ಲಿ ರಿಪೇರಿ ಹಕ್ಕಿಗೆ ಸಮಿತಿ ಮಾಡಿ ಕೃಷಿ ಯಂತ್ರ, ಮೊಬೈಲು, ಮನೆಬಳಕೆ ಸಾಮಾನು, ವಾಹನ ಎಂದು ನಾಲ್ಕು ವಲಯ ಹಿಡಿಯಿತು. ಫಿರಂಗಿ, ಟ್ಯಾಂಕು ಅದರೊಳಗೆ ಬರೋದಿಲ್ಲ. ಅಲ್ಲಿ ನಡೆಯೋದು ಖರೀದಿ ಕರಾರಿನ ಮಾತು ಮಾತ್ರ.

ಸ್ವೀಡನ್ನಿನ ಬೋಫೋರ್ಸ್ ಫಿರಂಗಿ ನೋಡಿ. 1986ರಲ್ಲಿ 410 ಫಿರಂಗಿಗಳ ಕರಾರಾಯಿತು, ಹಗರಣವಾಯಿತು, ಬಿಡಿಭಾಗ ಸಿಗದೆ ಒಂದನ್ನು ಬಿಚ್ಚಿ ಇನ್ನೊಂದಕ್ಕೆ ಹಾಕುವ ಕಾಲ ಬಂತು. ಆದರೆ ಆ ಕರಾರಿನಲ್ಲಿ ತಂತ್ರಜ್ಞಾನದ ಕಾಗದಪತ್ರವೂ ಸೇರಿತ್ತು. ವರ್ಷಗಟ್ಟಲೆ ಧೂಳು ತಿಂದ ಆ ಡ್ರಾಯಿಂಗುಗಳನ್ನೇ ಆಧಾರ ಮಾಡಿಕೊಂಡು ಜಬಲ್ಪುರದಲ್ಲಿ ಧನುಷ್ ಫಿರಂಗಿ ಮಾಡಿದರು. 2019ರ ಏಪ್ರಿಲಿನಲ್ಲಿ ಮೊದಲ ಆರು ಸೇನೆಗೆ ಬಂದವು. ನನಗೂ ಒಂದು ಹಾಳೆ ವೈರಿಂಗ್ ಡ್ರಾಯಿಂಗ್ ಸಿಕ್ಕಿದ್ದರೆ ಆ ಕಾರ್ಡಿಗೆ ಸುರಿದ ದುಡ್ಡು ಉಳಿಯುತ್ತಿತ್ತು.

ಮೊನ್ನೆ ಅದೇ ಖೇಣಿದಾರರು ಹೊಸ ಡ್ರೈಯರ್ ಕೊಳ್ಳಲು ಹೊರಟಾಗ ಕೊಟೇಶನ್ನಿನಲ್ಲಿ ಮೂರು ಸಾಲು ಬರೆಸಿ ಅಂದೆ: ವೈರಿಂಗ್ ಡ್ರಾಯಿಂಗ್ ಕೊಡಬೇಕು, ಕಂಟ್ರೋಲರಿನ ಪಾಸ್‌ವರ್ಡ್ ಕೊಡಬೇಕು, ಕಾರ್ಡು ಬಿಡಿಯಾಗಿ ಮಾರಬೇಕು. ಇಬ್ಬರು ಡೀಲರುಗಳು ಆಗಲ್ಲ ಅಂದರು. ಮೂರನೆಯವರು ಎಂಟು ಸಾವಿರ ಜಾಸ್ತಿ ಕೇಳಿ ಒಪ್ಪಿದರು. "ಎಂಟು ಸಾವಿರ ದಂಡ ಅಲ್ವನಾ?" ಅಂತ ಖೇಣಿದಾರರು ರಾಗ ಎಳೆದರು, ಜೆನ್‌ಸೆಟ್ಟಿನ ಪ್ಯಾನೆಲ್ ಕೊಟೇಶನ್ ತೋರಿಸಿದ ಮೇಲೆ ಸುಮ್ಮನಾದರು. ಪಾಸ್‌ವರ್ಡನ್ನು ಬಿಲ್ಲಿನ ಹಿಂದೆ ಪೆನ್ನಿನಲ್ಲಿ ಬರೆಸಿ ಸೀಲ್ ಹೊಡೆಸಿಕೊಂಡಿದ್ದೇವೆ.