ಊರಿಂದ ಬಂದ ರಾತ್ರಿ ಮೊದಲು ಹೆಪ್ಪು ಹಾಕಿ

ಮಗಳ ಬಾಣಂತನಕ್ಕೆ ಅಂತ ನ್ಯೂಜೆರ್ಸಿಗೆ ಹೋದವಳು, ಐದು ತಿಂಗಳು ಅಲ್ಲಿದ್ದು ಶ್ರಾವಣದಲ್ಲಿ ನಮ್ಮೂರು ಸಾಗರಕ್ಕೆ ವಾಪಸ್ ಬಂದೆ. ಬಾಗಿಲು ತೆಗೆದರೆ ಮಳೆಗಾಲದ ಮುಗ್ಗಲು ವಾಸನೆ. ದೇವರ ಮನೆಯ ದೀಪಗಳೆಲ್ಲ ಕಪ್ಪು, ಅಡುಗೆಮನೆ ಕಟ್ಟೆಯ ಮೇಲೆ ಇರುವೆ ಸಾಲು. "ಅಮ್ಮಾ, ನೀನು ಮಲಗು, ಎರಡು ದಿನ ಹೋಟೆಲಿಂದ ತರಿಸಿದರಾಯ್ತು" ಅಂದ ಮಗ. ನಾನು ಕೇಳಲಿಲ್ಲ. ಕೈಕಾಲು ತೊಳೆದು ದೀಪ ಹಚ್ಚಿ, ಹಾಲು ತರಿಸಿ ಒಲೆ ಮೇಲಿಟ್ಟೆ. ಮನೆಗೆ ಬಂದ ದಿನ ರಾತ್ರಿ ಹೆಪ್ಪು ಹಾಕದೆ ಮಲಗಿದರೆ ಮನೆಗೆ ಬಂದ ಹಾಗೇ ಅಲ್ಲ.

ಈಗಿನ ಹುಡುಗಿಯರು ಮಾಡುವುದು ನೋಡಿದರೆ ಸಿಟ್ಟು ಬರುತ್ತದೆ. ನಮ್ಮ ನೆಂಟರ ಹುಡುಗಿಯೊಬ್ಬಳು ಪ್ರವಾಸ ಮುಗಿಸಿ ಬಂದು ಎಂಟು ದಿನವಾದರೂ ಸೂಟ್‌ಕೇಸು ಹಾಲ್‌ನಲ್ಲೇ ಬಾಯಿ ತೆರೆದುಕೊಂಡು ಬಿದ್ದಿತ್ತು. "ಯಾಕೋ ಮನೇಲಿ ಮನಸ್ಸೇ ನಿಲ್ತಿಲ್ಲ ದೊಡ್ಡಮ್ಮ" ಅಂತಾಳೆ. ಹೇಗೆ ನಿಲ್ಲುತ್ತದೆ ಮಗೂ? ಮೊಸರು ಅಂಗಡಿ ಕಪ್ಪಿನಲ್ಲಿ, ಊಟ ಡಬ್ಬಿಯಲ್ಲಿ, ಮಲಗುವ ಹೊತ್ತಿಗೊಂದು ಗೊತ್ತಿಲ್ಲ, ಏಳುವ ಹೊತ್ತಿಗೊಂದು ಗೊತ್ತಿಲ್ಲ. ಇನ್ನು ಕೆಲವರು ಸೋಮವಾರದಿಂದ ಐದಕ್ಕೆ ಏಳುವುದು, ಯೋಗ, ವಾಕಿಂಗು, ಸಿರಿಧಾನ್ಯದ ತಿಂಡಿ ಅಂತ ಪಟ್ಟಿ ಬರೆದು ಫ್ರಿಜ್ಜಿಗೆ ಅಂಟಿಸುತ್ತಾರೆ. ಗುರುವಾರಕ್ಕೆ ಪಟ್ಟಿ ಮಾತ್ರ ಉಳಿದಿರುತ್ತದೆ. ಹತ್ತು ಕೆಲಸ ಬೇಡ, ಒಂದು ಸಾಕು. ಮೊಸರು ಮಾಡಿಕೊಳ್ಳಿ. ಎಂಟು ಗಂಟೆಗೆ ಹಾಲು ಕಾಯಬೇಕು, ಮಲಗುವ ಮುಂಚೆ ಹೆಪ್ಪು ಬೀಳಬೇಕು, ಬೆಳಿಗ್ಗೆ ಹುಳಿಯಾಗುವ ಮೊದಲು ಎದ್ದು ತೆಗೆದಿಡಬೇಕು. ನೀವು ಏಳದಿದ್ದರೂ ಅದು ಎಬ್ಬಿಸುತ್ತದೆ.

ಸರಿ, ಹಾಲು. ನಂದಿನಿ ನೀಲಿ ಪ್ಯಾಕೆಟ್ಟಿನಲ್ಲಿ ಕೊಬ್ಬು ಶೇಕಡಾ 3, ಕಿತ್ತಳೆ ಬಣ್ಣದ ಶುಭಂನಲ್ಲಿ 4.5. ಗಟ್ಟಿ ಮೊಸರು ಬೇಕಾದವರಿಗೆ ಶುಭಂ. ನಿಮ್ಮೂರಲ್ಲಿ ಕರೆದ ಹಾಲೇ ಸಿಕ್ಕರೆ ಪುಣ್ಯವಂತರು. ಉಕ್ಕಿದ ಕೂಡಲೇ ಒಲೆ ಆರಿಸಿ ಓಡುವುದೇ ಎಲ್ಲರೂ ಮಾಡುವ ಮೊದಲ ತಪ್ಪು. ಉಕ್ಕಿದ ಮೇಲೆ ಸಣ್ಣ ಉರಿಯಲ್ಲಿ, ಪಲ್ಯಕ್ಕೆ ತರಕಾರಿ ಹೆಚ್ಚಿ ಮುಗಿಯುವಷ್ಟು ಹೊತ್ತು ಕುದಿಯಲಿ. ಮೊಸರು ಕತ್ತಿಯಲ್ಲಿ ಕೊಯ್ದ ಹಾಗೆ ಬರುವುದು ಆ ಕುದಿಯಿಂದಲೇ. ನಮ್ಮ ಅತ್ತೆ ಸಂಜೆಯಿಂದ ಕೆಂಡದ ಮೇಲೆ ಬೂದಿ ಮುಚ್ಚಿ ಹಾಲಿನ ತಪ್ಪಲೆ ಇಡುತ್ತಿದ್ದರು. ರಾತ್ರಿ ಊಟದ ಹೊತ್ತಿಗೆ ಕೆನೆ ಕೆಂಪಗೆ, ಅಂಗೈ ದಪ್ಪ. ಮೊಸರಿನ ಪಾತ್ರೆ ಸೂರಿನಿಂದ ತೂಗುಬಿಟ್ಟ ನೆಲುವಿನ ಮೇಲೆ, ಬೆಕ್ಕಿಗೆ ಎಟುಕದ ಹಾಗೆ. ಮದುವೆಯಾಗಿ ಬಂದ ಹೊಸತರಲ್ಲಿ ನಾನು ಒಮ್ಮೆ ಬಿಸಿ ಹಾಲಿಗೆ ಹೆಪ್ಪು ಸುರಿದು ಅಷ್ಟೂ ಹಾಲು ಒಡೆಸಿದ್ದೆ. ಅತ್ತೆ ಬೈಯಲಿಲ್ಲ. ನನ್ನ ಕೈ ಹಿಡಿದು ಮಾರನೇ ದಿನದ ಹಾಲಿನಲ್ಲಿ ಅದ್ದಿಸಿದರು.

ಅವತ್ತು ಕಲಿತದ್ದನ್ನೇ ಈಗ ಹೇಳುತ್ತೇನೆ, ಗಮನ ಇಟ್ಟು ಓದಿ. ಕಿರುಬೆರಳನ್ನು ಹಾಲಿನಲ್ಲಿ ಅದ್ದಿ ನಿಧಾನಕ್ಕೆ ಹತ್ತು ಎಣಿಸಿ. ಆರಕ್ಕೇ ಬೆರಳು ತೆಗೆಯಬೇಕು ಅನ್ನಿಸಿದರೆ ಬಿಸಿ ಜಾಸ್ತಿ, ಹೆಪ್ಪು ಸತ್ತು ಹೋಗುತ್ತದೆ. ಹತ್ತಾದರೂ ಏನೂ ಅನ್ನಿಸದಿದ್ದರೆ ತಣಿದು ಹೋಗಿದೆ, ಬೆಳಿಗ್ಗೆ ಲೋಳೆಲೋಳೆ ಮೊಸರು. ಹತ್ತಕ್ಕೆ ಸರಿಯಾಗಿ ಬೆರಳು "ಸಾಕು" ಅನ್ನಬೇಕು. ನ್ಯೂಜೆರ್ಸಿಯಲ್ಲಿ ನಮ್ಮ ಅಳಿಯಂದಿರು ನನ್ನ ಬೆರಳು ತೆಗೆದ ಕೂಡಲೇ ಥರ್ಮಾಮೀಟರ್ ಇಟ್ಟು ನೋಡಿದರು, 42 ಡಿಗ್ರಿ. ಮರುದಿನವೂ ಇಟ್ಟರು, 43. ಆಮೇಲೆ ಇಡಲಿಲ್ಲ. ಹೆಪ್ಪು ಫ್ರಿಜ್ಜಿನಿಂದ ತೆಗೆದ ಹಾಗೇ ಹಾಕಬಾರದು, ಮೊದಲೇ ಹೊರಗಿಟ್ಟು ಚಳಿ ಬಿಡಿಸಿ. ಅರ್ಧ ಲೀಟರಿಗೆ ಒಂದು ಸಣ್ಣ ಚಮಚ, ಮಳೆಗಾಲದಲ್ಲಿ ಅದರ ಎರಡರಷ್ಟು. ಹಾಲಿಗೆ ಸುರಿಯಬೇಡಿ. ಪಾತ್ರೆಯ ಒಳಮೈಗೆ, ತಳಕ್ಕೆ, ಬದಿಗೆ ಬೆರಳಿನಲ್ಲಿ ಸವರಿ, ಮೇಲಿಂದ ಹಾಲು ಎತ್ತರದಿಂದ ಹೊಯ್ಯಿರಿ, ನೊರೆ ಬರಲಿ. ಮುಚ್ಚಿ, ಹಳೇ ಪಂಚೆಯಲ್ಲಿ ಸುತ್ತಿ, ಅಕ್ಕಿ ಡಬ್ಬದೊಳಗೆ ಹೂತಿಡಿ. ಅಕ್ಕಿ ಬಿಸಿ ಹಿಡಿದಿಡುತ್ತದೆ. ಅಲ್ಲಿ ಮಗಳು ಓವನ್ನಿನ ದೀಪ ಉರಿಸಿ ಒಳಗಿಡುತ್ತಾಳೆ, ಅದೂ ಸರಿಯೇ. ಆದರೆ ಇಟ್ಟ ಮೇಲೆ "ಆಯ್ತಾ" ಅಂತ ತೆಗೆದು ಅಲ್ಲಾಡಿಸಿ ನೋಡುವ ಚಾಳಿ ಬಿಡಿ. ಹೆಪ್ಪುಗಟ್ಟುವಾಗ ಮುಟ್ಟಿದರೆ ಮೊಸರು ನೀರೊಡೆಯುತ್ತದೆ.

   

ನಾನು ಬಂದ ದಿನ ಮನೆಯಲ್ಲಿ ಹೆಪ್ಪೇ ಇರಲಿಲ್ಲ. ದೀಪ ಹಚ್ಚಿ ಆಗಿತ್ತು, ಮುಸ್ಸಂಜೆ ಮೇಲೆ ಹೆಪ್ಪು ಕೇಳುವುದೂ ಇಲ್ಲ, ಕೊಡುವುದೂ ಇಲ್ಲ. ಒಣಮೆಣಸಿನಕಾಯಿ ಡಬ್ಬ ತೆಗೆದು ಐದಾರು ತೊಟ್ಟು ಮುರಿದು ಬೆಚ್ಚಗಿನ ಹಾಲಿಗೆ ಹಾಕಿದೆ. ಬೆಳಿಗ್ಗೆಗೆ ಇನ್ನೂ ಹಾಲೇ. ಇರಲಿ ಅಂತ ಅಂಗಳ ಗುಡಿಸಿ, ಮಳೆ ಬಿಟ್ಟ ಸಂದಿನಲ್ಲಿ ಹೊಸಿಲಿಗೆ ಎರಡೆಳೆ ರಂಗೋಲಿ ಎಳೆದೆ, ದೀಪಗಳನ್ನು ಹುಣಸೆಹಣ್ಣು ಹಾಕಿ ಉಜ್ಜಿದೆ. ಐದು ತಿಂಗಳಿಂದ ಕಾಣದಿದ್ದ ನಿರಾಳ ಆ ಹುಣಸೆ ನೀರಿನಲ್ಲಿ ಕೈ ಇದ್ದಾಗ ಬಂತು, ಸುಳ್ಳಲ್ಲ. ಮಧ್ಯಾಹ್ನದ ಹೊತ್ತಿಗೆ ಹಾಲು ಸಡಿಲವಾಗಿ ಹೆಪ್ಪುಗಟ್ಟಿತ್ತು. ಆ ಮೊದಲ ಮೊಸರನ್ನು ತಿನ್ನಬೇಡಿ, ತೊಟ್ಟಿನ ವಾಸನೆ ಇರುತ್ತದೆ. ತೊಟ್ಟು ತೆಗೆದು ಅದನ್ನೇ ಹೆಪ್ಪಾಗಿ ಇಟ್ಟುಕೊಳ್ಳಿ. ಆ ರಾತ್ರಿ ಅದರಿಂದ ಹೆಪ್ಪು ಹಾಕಿದೆ.

ಮೂರನೇ ದಿನ ಬೆಳಿಗ್ಗೆ ಅಕ್ಕಿ ಡಬ್ಬದಿಂದ ಪಾತ್ರೆ ತೆಗೆದು ಓರೆ ಮಾಡಿದೆ, ಮೊಸರು ಕದಲಲಿಲ್ಲ. ನಮ್ಮನೆಯವರು ಬಿಸಿ ಅನ್ನಕ್ಕೆ ಹಾಕಿಕೊಂಡು, ಅಪ್ಪೆಮಿಡಿ ಉಪ್ಪಿನಕಾಯಿ ನೆಂಚಿಕೊಂಡು, ಮಾತಾಡದೆ ಎರಡನೇ ಸಲ ಬಡಿಸಿಕೊಂಡರು. ಅಷ್ಟರಲ್ಲಿ ಪಕ್ಕದ ಮನೆಯಾಕೆ ಬಟ್ಟಲು ಹಿಡಿದು ಬಂದಳು, "ಅಮ್ಮಾ, ಬಂದ್ರಾ? ಸ್ವಲ್ಪ ಹೆಪ್ಪು ಕೊಡ್ತೀರಾ?" ಅವಳಿಗೆ ಕೊಟ್ಟು, ರಾತ್ರಿಗೆ ಅಂತ ಒಂದು ಚಮಚ ಬೇರೆ ತೆಗೆದಿಟ್ಟೆ.