ನಾಲ್ಕನೇ ಕ್ಲಾಸಿನ ಮಕ್ಕಳ ಓದು: ನಾನು ನೋಡುವ ರೀತಿ

ಜೂನ್‌ನಲ್ಲಿ ಶಾಲೆ ಶುರುವಾದ ಕೂಡಲೇ ನಮಗೆ ಸೇತುಬಂಧ, ಅಂದರೆ ಹಿಂದಿನ ಕ್ಲಾಸಿನ ಕಲಿಕೆ ಎಷ್ಟು ಉಳಿದಿದೆ ಅಂತ ನೋಡಿ ಸರಿಪಡಿಸುವ ಕೆಲಸ. ಪೂರ್ವ ಪರೀಕ್ಷೆ ಮಾಡಬೇಕು, ಅಂಕ ತುಂಬಬೇಕು, ಹಿಂದುಳಿದವರ ಪಟ್ಟಿ ಬರೆಯಬೇಕು. ಆದರೆ ಬರವಣಿಗೆ ಪರೀಕ್ಷೆಯಿಂದ ಒಂದು ಮಗುವಿಗೆ ಓದಲು ಬರುತ್ತೋ ಇಲ್ಲವೋ ಗೊತ್ತಾಗುವುದಿಲ್ಲ. ಪಕ್ಕದವನ ಹಾಳೆ ನೋಡಿ ದುಂಡಗೆ ಇಳಿಸುವ ಮಕ್ಕಳು ಎಲ್ಲ ಕ್ಲಾಸಿನಲ್ಲೂ ಇರುತ್ತಾರೆ, ಅಲ್ವಾ? ಅದಕ್ಕೇ ಓದನ್ನು ನಾನು ಬೇರೆಯಾಗಿಯೇ ನೋಡುತ್ತೇನೆ. ಒಬ್ಬೊಬ್ಬರನ್ನೇ ಪಕ್ಕದಲ್ಲಿ ಕೂರಿಸಿಕೊಂಡು.

ನಾನಿರುವುದು ಪಾವಗಡ ತಾಲ್ಲೂಕಿನ ಒಂದು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ. ನಾಲ್ಕು, ಐದನೇ ಕ್ಲಾಸು ನನ್ನವು. ಸೇರಿರುವುದು ತುಮಕೂರು ಜಿಲ್ಲೆಗೆ, ಆದರೆ ಸುತ್ತ ಹೆಚ್ಚಿನ ಕಡೆ ಆಂಧ್ರ. ನಮ್ಮ ಶಾಲೆಯ ಎಷ್ಟೋ ಮಕ್ಕಳ ಮನೆಮಾತು ತೆಲುಗು.

ನನ್ನ ಕೈಲಿ ಮೊದಲಿದ್ದದ್ದು ಅಸರ್‌ನವರ ಹಾಳೆ. ಪ್ರಥಮ್ ಸಂಸ್ಥೆ 2005ರಿಂದ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಮಕ್ಕಳ ಓದು ನೋಡುತ್ತದಲ್ಲ, ಅದೇ. ಒಂದೇ ಹಾಳೆಯಲ್ಲಿ ಅಕ್ಷರ, ಪದ, ಒಂದು ಸಣ್ಣ ಪ್ಯಾರಾ, ಒಂದು ಕತೆ ಇರುತ್ತವೆ. ಪ್ಯಾರಾ ಒಂದನೇ ಕ್ಲಾಸಿನ ಮಟ್ಟದ್ದು, ಕತೆ ಎರಡನೇ ಕ್ಲಾಸಿನ ಮಟ್ಟದ್ದು. ಮೊದಲು ಪ್ಯಾರಾ ಓದಿಸುತ್ತಾರೆ. ಸರಾಗವಾಗಿ ಓದಿದರೆ ಕತೆಗೆ ಹೋಗುವುದು, ಎಡವಿದರೆ ಪದಕ್ಕೆ ಇಳಿಯುವುದು, ಅದೂ ಆಗದಿದ್ದರೆ ಅಕ್ಷರ. ಐದು ಪದದಲ್ಲಿ ನಾಲ್ಕು ಸರಿ ಬಂದರೆ ಪದದ ಮಟ್ಟ. ಒಂದು ಮಗುವಿಗೆ ಐದು ನಿಮಿಷ ಸಾಕು. ಊರಿನ ಲೆಕ್ಕ, ಜಿಲ್ಲೆಯ ಲೆಕ್ಕ ತಿಳಿಯಬೇಕು ಅನ್ನುವವರಿಗೆ ಇಷ್ಟು ಸರಳವಾದ ಸಾಧನ ಇನ್ನೊಂದಿಲ್ಲ ಅಂತ ಈಗಲೂ ಹೇಳುತ್ತೇನೆ.

ಆದರೆ ನಾನು ನಾಳೆ ಬೆಳಗ್ಗೆ ಕ್ಲಾಸಿಗೆ ಹೋಗಿ ಏನು ಕಲಿಸಬೇಕು? ‘ಪದದ ಮಟ್ಟ’ ಅಂತ ಬರೆದುಕೊಂಡ ಏಳು ಮಕ್ಕಳು ಏಳು ಕಡೆ ನಿಂತಿರುತ್ತಾರೆ. ನಮ್ಮ ಲಿಪಿಯಲ್ಲಿ ಅಕ್ಷರಕ್ಕೂ ಪ್ಯಾರಾಕ್ಕೂ ನಡುವೆ ಕಾಗುಣಿತ, ಒತ್ತಕ್ಷರ ಅಂತ ದೊಡ್ಡ ಹಾದಿಯೇ ಇದೆ. ಹೆಚ್ಚಿನವರು ಸಿಕ್ಕಿಬೀಳುವುದೇ ಅಲ್ಲಿ.

ಹಾಗಾಗಿ ಪದಗಳ ಹಾಳೆಯನ್ನು ನಾನೇ ಬರೆದುಕೊಂಡೆ. ಮೊದಲ ಸಾಲಿನಲ್ಲಿ ಯಾವ ಗುಣಿತವೂ ಇಲ್ಲದ ಪದಗಳು: ಅರಸ, ಗರಗಸ, ಸರ. ಸರ್ಕಾರಿ ಶಾಲೆಯ ಚಿಕ್ಕ ಕ್ಲಾಸುಗಳ ಚಟುವಟಿಕೆ ಕಲಿಕೆಯಾದ ನಲಿಕಲಿಯಲ್ಲಿ ಮಕ್ಕಳು ಅ ಆ ಇ ಈ ಅಂತ ಶುರು ಮಾಡುವುದಿಲ್ಲ, ರ ಗ ಸ ದ ಅ ಅಂತ ಶುರು ಮಾಡುತ್ತಾರೆ. ಅದಕ್ಕೇ ಈ ಪದಗಳು. ಎರಡನೇ ಸಾಲು ಗುಣಿತ: ಕುದುರೆ, ಗೂಡು, ಕೋಳಿ. ಮೂರನೇ ಸಾಲು ಅದೇ ಅಕ್ಷರದ ಒತ್ತು: ಕಪ್ಪೆ, ಅಜ್ಜಿ. ನಾಲ್ಕನೆಯದು ಬೇರೆ ಅಕ್ಷರದ ಒತ್ತು: ಪುಸ್ತಕ, ಚಕ್ರ. ಕೊನೆಗೆ ಅರ್ಕಾವತ್ತು.

ಮಗು ಓದುವಾಗ ನಾನು ಸರಿ, ತಪ್ಪು ಅಂತ ಗುರುತು ಹಾಕುವುದಿಲ್ಲ. ಅದು ಬಾಯಲ್ಲಿ ಅಂದದ್ದನ್ನೇ ಪದದ ಮೇಲೆ ಬರೆಯುತ್ತೇನೆ. ‘ಕೋಳಿ’ಯ ಮೇಲೆ ‘ಕೊಳಿ’. ‘ಕಪ್ಪೆ’ಯ ಮೇಲೆ ‘ಕಪೆ’. ತಾನೇ ತಿದ್ದಿಕೊಂಡರೆ ಪಕ್ಕದಲ್ಲಿ ಒಂದು ಸಣ್ಣ ‘ತಿ’. ಓದುವ ಮುಂಚೆ ನಿಂತು ಯೋಚಿಸಿದರೆ ಒಂದು ಚುಕ್ಕಿ. ಹೋದ ವರ್ಷ ಒಬ್ಬ ಹುಡುಗ ‘ಸೂರ್ಯ’ ಅನ್ನುವುದನ್ನು ‘ಸೂಯರ್’ ಅಂತ ಓದಿದ. ‘ವರ್ಷ’ ಬಂತು, ‘ವಷರ್’ ಅಂದ. ಹುಡುಗನ ಓದಿನಲ್ಲಿ ಒಂದು ನಿಯಮ ಇತ್ತು. ಎಡದಿಂದ ಬಲಕ್ಕೆ ಹೇಗೆ ಬರೆದಿದೆಯೋ ಹಾಗೇ ಓದುತ್ತಿದ್ದ. ಅರ್ಕಾವತ್ತು ಬರೆಯುವುದು ಆಮೇಲೆ, ಉಚ್ಚರಿಸುವುದು ಮೊದಲು ಅಂತ ಅವನಿಗೆ ಯಾರೂ ಹೇಳಿರಲಿಲ್ಲ, ಅಷ್ಟೇ. ಒಂದು ಪೀರಿಯಡ್ಡಿನ ಕೆಲಸ. ‘ಎರಡು ಪದ ತಪ್ಪು’ ಅಂತ ಬರೆದುಕೊಂಡಿದ್ದರೆ ಇದು ಕಾಣುತ್ತಲೇ ಇರಲಿಲ್ಲ.

ಪ್ಯಾರಾಕ್ಕೆ ಪಠ್ಯಪುಸ್ತಕ ಮುಟ್ಟುವುದಿಲ್ಲ. ನಮ್ಮ ಮಕ್ಕಳಿಗೆ ಪಾಠಗಳು ಬಾಯಿಪಾಠ. ಪುಟ ತೆರೆದರೆ ಚಿತ್ರ ನೋಡಿಯೇ ಶುರು ಹಚ್ಚುತ್ತಾರೆ. ಅನುಮಾನ ಬಂದರೆ ನಡುವಿನ ಒಂದು ಪದದ ಮೇಲೆ ಬೆರಳಿಟ್ಟು ‘ಇದೇನು ಪುಟ್ಟಾ?’ ಅಂತ ಕೇಳಿ. ಬಾಯಿಪಾಠ ಮಾಡಿದವರು ಸಾಲಿನ ಮೊದಲಿಂದ ಗುನುಗಿಕೊಂಡು ಅಲ್ಲಿಗೆ ಬರುತ್ತಾರೆ. ಅದಕ್ಕೆ ಪ್ಯಾರಾವನ್ನೂ ನಾನೇ ಬರೆಯುತ್ತೇನೆ. ಒಂದು ಹೀಗಿದೆ: ‘ಊರ ಮುಂದೆ ಕೆರೆ ಇದೆ. ಕೆರೆ ಪಕ್ಕದಲ್ಲಿ ಹುಣಸೆ ಮರ. ಅಜ್ಜಿ ಮರದ ಕೆಳಗೆ ಮಲಗಿದ್ದಳು. ಎದ್ದು ನೋಡಿದರೆ ಚೀಲ ಇಲ್ಲ. ಮರದ ಮೇಲೆ ಕೋತಿ ಕಡಲೆಕಾಯಿ ತಿನ್ನುತ್ತಿತ್ತು.’ ಚೀಲ ಯಾರು ತೆಗೆದುಕೊಂಡರು ಅಂತ ಎಲ್ಲೂ ಬರೆದಿಲ್ಲ. ನಾನು ಕೇಳುವುದು ಅದನ್ನೇ.

ಇಲ್ಲಿ ತಮಾಷೆ ನೋಡಿ. ಕ್ಲಾಸಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಓದುತ್ತಾಳೆ ಅಂತ ಹೆಸರಾಗಿದ್ದ ಹುಡುಗಿ ಗಟಗಟ ಓದಿ ಮುಗಿಸಿದಳು. ಒಂದೂ ತಪ್ಪಿಲ್ಲ. ಚೀಲ ಯಾರು ತೊಗೊಂಡ್ರು ಅಂದರೆ ‘ಅಜ್ಜಿ’ ಅಂದಳು. ಅವಳಾದ ಮೇಲೆ ಬಂದ ಹುಡುಗ ಒಂದೊಂದು ಅಕ್ಷರ ಕೂಡಿಸಿಕೊಂಡು, ಬೆವರಿಕೊಂಡು ಓದಿದ. ಪ್ರಶ್ನೆ ಕೇಳಿದ ಕೂಡಲೇ ನಗುತ್ತಾ ‘ಕೋತಿ ಸಂಚಿ ಎತ್ಕೊನಿ ಪೋಯಿಂದಿ ಮಿಸ್’ ಅಂದ. ಕೋತಿ ಚೀಲ ಎತ್ತಿಕೊಂಡು ಹೋಯಿತು ಅಂತ. ಉತ್ತರ ತೆಲುಗಿನಲ್ಲಿ. ಆದರೆ ಅರ್ಥ ಪೂರ್ತಿ ಸಿಕ್ಕಿದೆ. ಅವನಿಗೆ ಬೇಕಿರುವುದು ಓದುವ ರೂಢಿ, ಅವಳಿಗೆ ಬೇಕಿರುವುದು ಕತೆಯ ಮಾತುಕತೆ. ಇಬ್ಬರನ್ನೂ ಒಂದೇ ಗುಂಪಿಗೆ ಹಾಕಿ ಏನು ಮಾಡಲಿ? ಉತ್ತರ ಯಾವ ಭಾಷೆಯಲ್ಲಿ ಬಂದರೂ ನಾನು ತೊಗೊಳ್ಳುತ್ತೇನೆ. ಕನ್ನಡದಲ್ಲಿ ಮಾತಾಡಲು ಬರುತ್ತಾ ಅನ್ನುವುದನ್ನು ಬೇರೆ ಹೊತ್ತಿನಲ್ಲಿ ನೋಡಿದರಾಯಿತು.

ಉಚ್ಚಾರಣೆ ವಿಷಯದಲ್ಲೂ ಅಷ್ಟೇ. ‘ಹಾಲು’ ಅನ್ನುವುದನ್ನು ‘ಆಲು’ ಅಂತ ಓದಿದರೆ ಅದು ಓದಿನ ತಪ್ಪಲ್ಲ. ಅವರ ಮನೆಯಲ್ಲಿ ಎಲ್ಲರೂ ಹಾಗೇ ಅನ್ನುವುದು. ಹಕಾರ ಗುರುತಿಸುತ್ತಾನಾ ಅಂತ ಅನುಮಾನವಿದ್ದರೆ ಹ, ಅ ಎರಡನ್ನೂ ಬರೆದು ‘ಹಾಲಿನ ಅಕ್ಷರ ತೋರಿಸು’ ಅನ್ನುತ್ತೇನೆ. ತೋರಿಸಿದರೆ ಮುಗಿಯಿತು.

ವೇಗ ಅಳೆಯಲೇಬೇಕು ಅನ್ನುವವರು ಈಗ ಜಾಸ್ತಿಯಾಗಿದ್ದಾರೆ. ಚಿಕ್ಕ ಮಕ್ಕಳ ಓದು, ಲೆಕ್ಕಕ್ಕಾಗಿ ಕೇಂದ್ರ ಸರ್ಕಾರ 2021ರಲ್ಲಿ ತಂದ ನಿಪುಣ್ ಭಾರತ್ ಯೋಜನೆಯಲ್ಲಿ ಮೂರನೇ ಕ್ಲಾಸಿನ ಮಗು ನಿಮಿಷಕ್ಕೆ ಕನಿಷ್ಠ 60 ಪದವನ್ನು ಅರ್ಥ ಮಾಡಿಕೊಂಡು ಓದಬೇಕು ಅಂತಿದೆ. ಯಾವ ಪದ? ‘ಮರ’ವೂ ಒಂದು ಪದ, ‘ಹೋಗಬೇಕಾಗಿತ್ತಂತೆ’ಯೂ ಒಂದು ಪದ. 2022ರಲ್ಲಿ ಕೇಂದ್ರದ ಶಿಕ್ಷಣ ಸಂಸ್ಥೆ ಎನ್‌ಸಿಇಆರ್‌ಟಿ 20 ಭಾಷೆಗಳಲ್ಲಿ ಮೂರನೇ ಕ್ಲಾಸಿನ ಓದನ್ನು ಅಳೆದಾಗ ಒಂದೊಂದು ಭಾಷೆಗೂ ಬೇರೆ ಬೇರೆ ಮಟ್ಟ ಇಟ್ಟಿತ್ತು. ಅದು ಸರಿಯಾದ ಕೆಲಸ. ನಾನಂತೂ ಗಡಿಯಾರ ಎದುರಿಗಿಡುವುದಿಲ್ಲ. ಇಟ್ಟರೆ ಮಕ್ಕಳು ಓಡುತ್ತಾರೆ, ಓದುವುದಿಲ್ಲ.

ಕೂರಿಸುವ ಜಾಗವೂ ಮುಖ್ಯ. ಕ್ಲಾಸಿನ ಒಳಗೆ ಬೇಡ, ಪಕ್ಕದವರು ಹೇಳಿಕೊಡುತ್ತಾರೆ. ಜಗಲಿಯ ಮೂಲೆ ಆಗಬಹುದು, ಬಿಸಿಯೂಟದ ಒಗ್ಗರಣೆ ವಾಸನೆ ಬರುವ ಮುಂಚೆ ಮುಗಿಸಬೇಕು. ಉಳಿದ ಮಕ್ಕಳಿಗೆ ಚಿತ್ರ ಬಿಡಿಸಲು ಕೊಟ್ಟು ಬಾಗಿಲ ಬಳಿಯೇ ಕೂರುತ್ತೇನೆ. ಮೊದಲು ಓದಿದವನು ಒಳಗೆ ಹೋಗಿ ಕೋತಿಯ ಕತೆಯನ್ನು ಎಲ್ಲರಿಗೂ ಹೇಳಿಬಿಡುತ್ತಾನೆ. ಹಾಗಾಗಿ ಅದೇ ಮಟ್ಟದ ನಾಲ್ಕೈದು ಪ್ಯಾರಾ ಕೈಲಿರಬೇಕು. ಈಗೀಗ ಐದನೇ ಕ್ಲಾಸಿನವರ ಕೈಲೇ ಕೆಲವನ್ನು ಬರೆಸುತ್ತೇನೆ. ಅವರ ಕತೆಯಲ್ಲಿ ಕರಡಿ, ಟ್ರ್ಯಾಕ್ಟರ್, ಸೋಲಾರ್ ಪ್ಲೇಟು ಎಲ್ಲಾ ಬರುತ್ತವೆ. ಚಿಕ್ಕವರಿಗೆ ನನ್ನ ಕೋತಿಗಿಂತ ಅವೇ ಇಷ್ಟ.

ಮೇಲಿನವರು ಕೇಳುವ ನಮೂನೆಯಲ್ಲಿ ಒಂದು ಮಗುವಿಗೆ ಒಂದೇ ಖಾನೆ. ಅದಕ್ಕೆ ಅಕ್ಷರ, ಪದ, ಪ್ಯಾರಾ, ಕತೆ ಅಂತ ತುಂಬಿ ಕಳಿಸುತ್ತೇನೆ. ನನ್ನ ನೋಟ್‌ಬುಕ್ಕಿನಲ್ಲಿ ಮಾತ್ರ ಗುಂಪುಗಳ ಹೆಸರೇ ಬೇರೆ: ‘ದೀರ್ಘ ನುಂಗುವವರು’, ‘ಒತ್ತು ಬಿಡುವವರು’, ‘ಓದಿ ಮರೆಯುವವರು’. ಬೆಳಗ್ಗೆ ಮೊದಲ ಪೀರಿಯಡ್ಡಿನ ಅರ್ಧ ಈ ಗುಂಪುಗಳಿಗೆ. ದೀಪಾವಳಿ ರಜೆ ಮುಗಿಸಿ ಬಂದ ಮೇಲೆ ಹೊಸ ಪ್ಯಾರಾ ಕೊಟ್ಟು ಮತ್ತೆ ಓದಿಸುತ್ತೇನೆ. ಆಗ ‘ಒತ್ತು ಬಿಡುವವರು’ ಗುಂಪು ಸಾಮಾನ್ಯವಾಗಿ ಖಾಲಿಯಾಗಿರುತ್ತದೆ. ‘ಓದಿ ಮರೆಯುವವರು’ ಗುಂಪಿಗೆ ಇನ್ನೂ ಇಬ್ಬರು ಸೇರಿರುತ್ತಾರೆ.