ಮಗುವಿನ ಜೊತೆ ಒಂದೇ ಹಾಸಿಗೆ: ನಾವು ಮಾಡಿಕೊಂಡ ವ್ಯವಸ್ಥೆ

ಬಾಣಂತಿ ಇರುವ ಮನೆಯಲ್ಲಿ ಈ ವಿಷಯಕ್ಕೆ ಎರಡು ಪಕ್ಷ ಇದ್ದೇ ಇರುತ್ತವೆ. "ಎಳೆಗೂಸನ್ನ ಬೇರೆ ಮಲಗಿಸ್ತಾರೇನೇ, ತಾಯಿ ಮೈಕಾವು ಬೇಡ್ವಾ?" ಎನ್ನುವುದು ಅಜ್ಜಿಯರ ಪಕ್ಷ. "ಅದೇ ರೂಮಲ್ಲಿರಲಿ, ಆದ್ರೆ ಮಲಗೋ ಜಾಗ ಬೇರೆ ಇರಲಿ" ಎನ್ನುವುದು ಮಕ್ಕಳ ಡಾಕ್ಟರ ಪಕ್ಷ. ಡಾಕ್ಟರ ಮಾತಿಗೆ ಆಧಾರವಿದೆ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2022ರಲ್ಲಿ ಕೊಟ್ಟ ಸಲಹೆಯೂ ಅದೇ: ಕನಿಷ್ಠ ಆರು ತಿಂಗಳು ಮಗು ಅಪ್ಪ-ಅಮ್ಮನ ಕೋಣೆಯಲ್ಲೇ ಇರಲಿ, ಪ್ರತ್ಯೇಕ ಹಾಸಿಗೆಯಲ್ಲಿ. ಬ್ರಿಟನ್ನಿನಲ್ಲಿ ಆರೋಗ್ಯ ಸೇವೆಗೆ ಮಾರ್ಗಸೂಚಿ ಕೊಡುವ ನೈಸ್ (NICE) ಸಂಸ್ಥೆಯ 2021ರ ಮಾರ್ಗಸೂಚಿ ಸ್ವಲ್ಪ ಬೇರೆ ದಾರಿ ಹಿಡಿಯುತ್ತದೆ. ಜೊತೆಯಲ್ಲಿ ಮಲಗಿಸಿಕೊಳ್ಳುವವರಿಗೆ ಅದನ್ನು ಹೇಗೆ ಮಾಡಬೇಕು, ಯಾರು ಮಾಡಲೇಬಾರದು ಎಂದು ತಿಳಿಸಿ ಹೇಳಿ ಎನ್ನುತ್ತದೆ.

ನಾವು ಹಿಡಿದ ಲೆಕ್ಕ ಸರಳ. ರಾತ್ರಿ ಮೂರು ಗಂಟೆಗೆ ಹಾಲು ಕುಡಿಸುವ ತಾಯಿಗೆ ನಿದ್ದೆ ಬಂದೇ ಬರುತ್ತದೆ. ಹಾಸಿಗೆ ಬೇಡವೆಂದು ಸೋಫಾದಲ್ಲಿ ಕೂತು ಕುಡಿಸಿದರೆ ಅಲ್ಲೇ ಕಣ್ಣು ಮುಚ್ಚುತ್ತದೆ, ಮಗು ಮೆತ್ತೆಯ ಸಂದಿಗೆ ಜಾರುತ್ತದೆ. ಎಲ್ಲಕ್ಕಿಂತ ಅಪಾಯದ ಜಾಗ ಅದು. ಇದರಲ್ಲಿ ಎರಡೂ ದೇಶದವರಿಗೆ ಒಮ್ಮತವಿದೆ. ಹಾಗಾಗಿ ತೊಟ್ಟಿಲು ಪಕ್ಕದಲ್ಲೇ ಇದ್ದರೂ, ಕುಡಿಸುತ್ತಾ ನಿದ್ದೆ ಹೋದರೂ ತೊಂದರೆಯಾಗದ ಹಾಗೆ ದೊಡ್ಡವರ ಹಾಸಿಗೆಯನ್ನೂ ಪ್ರತಿರಾತ್ರಿ ಸಜ್ಜು ಮಾಡಿಡುತ್ತಿದ್ದೆವು. ಮೊದಲ ನಾಲ್ಕು ತಿಂಗಳು ಹಾಲು ಕುಡಿಸಿ ಎಚ್ಚರವಾದಾಗೆಲ್ಲ ಮಗುವನ್ನು ತೊಟ್ಟಿಲಿಗೆ ವಾಪಸ್ ಮಲಗಿಸುವುದು, ಅದರಾಚೆಗೆ ಜೊತೆಯಲ್ಲೇ.

ಕೆಲವು ಮನೆಗಳಲ್ಲಿ ಈ ಚರ್ಚೆಯೇ ಬೇಡ. ಅಪ್ಪ-ಅಮ್ಮ ಇಬ್ಬರಲ್ಲಿ ಯಾರೇ ಸಿಗರೇಟು ಸೇದುವವರಿದ್ದರೂ, ಬಾಲ್ಕನಿಗೆ ಹೋಗಿ ಸೇದಿದರೂ ಸರಿ, ಮಗು ಬೇರೆ ಮಲಗಬೇಕು. 37 ವಾರಕ್ಕೆ ಮುಂಚೆ ಹುಟ್ಟಿದ ಅಥವಾ ಹುಟ್ಟುವಾಗ ಎರಡೂವರೆ ಕೆಜಿಗಿಂತ ಕಡಿಮೆ ತೂಕವಿದ್ದ ಮಗುವಿಗೂ ಇದೇ ಮಾತು. ಕುಡಿದ ರಾತ್ರಿ ಹೇಳಬೇಕಾದ್ದೇ ಇಲ್ಲ. ಜನ ಮರೆಯುವುದು ಮಾತ್ರೆಯನ್ನು: ನೆಗಡಿಗೆ ನುಂಗುವ ಸೆಟಿರಿಜಿನ್, ಕೆಲವು ಕೆಮ್ಮಿನ ಸಿರಪ್, ಸಿಸೇರಿಯನ್ ಆದಮೇಲೆ ಕೊಡುವ ಜೋರು ನೋವಿನ ಮಾತ್ರೆ ಮಂಪರು ತರಿಸುತ್ತವೆ. ಅವನ್ನು ತೆಗೆದುಕೊಂಡ ರಾತ್ರಿ ಮಗು ತೊಟ್ಟಿಲಲ್ಲಿ. ರಾತ್ರಿ ಪಾಳಿ ಮುಗಿಸಿ ಬೆಳಗಿನ ಜಾವ ಕ್ಯಾಬಿನಲ್ಲಿ ಬಂದಿಳಿಯುವ ಅಪ್ಪ ಹೊರಗಿನ ಹಾಲ್‌ನಲ್ಲಿ ಚಾಪೆ ಹಾಸಿಕೊಳ್ಳುವುದೇ ವಾಸಿ. ಅಷ್ಟು ದಣಿದ ಮೈಗೆ ಪಕ್ಕದಲ್ಲಿ ಏನಿದೆ ಎಂಬುದು ತಿಳಿಯುವುದಿಲ್ಲ. ಬಾಟಲಿ ಹಾಲಿನ ಮಗುವಾದರೂ ತೊಟ್ಟಿಲೇ ಮೇಲು ಎಂಬುದು ನಮ್ಮ ಅಭಿಪ್ರಾಯ. ಮೊಲೆಯೂಡಿಸುವ ತಾಯಿ ಮಲಗುವ ಭಂಗಿಯೇ ಬೇರೆ. ಅದನ್ನು ಮುಂದೆ ಹೇಳುತ್ತೇವೆ.

ಈಗ ಹಾಸಿಗೆ. ಬೆಂಗಳೂರಿನ ಬಾಡಿಗೆ ಮನೆಯ ಹತ್ತಡಿ-ಹನ್ನೊಂದಡಿ ರೂಮಿನಲ್ಲಿ ಮಂಚ ಗೋಡೆಗೆ ಒತ್ತಿಕೊಂಡೇ ಇರುತ್ತದೆ. ನೋಡಲು ಒತ್ತಿಕೊಂಡಂತೆ ಕಂಡರೂ ಗೋಡೆಗೂ ಹಾಸಿಗೆಗೂ ನಡುವೆ ನಾಲ್ಕು ಬೆರಳು ಹೋಗುವ ಸಂದಿ ಸಿಗುತ್ತದೆ, ಹೊರಳಾಡಿದಂತೆಲ್ಲ ಅದು ಅಗಲವಾಗುತ್ತದೆ. ಆ ಸಂದಿಗೆ ದಿಂಬು ತುರುಕುವುದು ಪರಿಹಾರವಲ್ಲ, ಇನ್ನೊಂದು ಅಪಾಯ. ಮಂಚ ಬಿಚ್ಚಿಟ್ಟು ನೆಲದ ಮೇಲೆ ಹಾಸುವುದೇ ಸಲೀಸು. ಎರಡು ಸಿಂಗಲ್ ಹಾಸಿಗೆ ಜೋಡಿಸಬಾರದು, ನಡುವೆ ಬಿರುಕು ಬಿಡುತ್ತದೆ. ಐದಡಿ ಅಗಲ, ಆರೂವರೆ ಅಡಿ ಉದ್ದದ ಒಂದೇ ತುಂಡು, ನಾಲ್ಕಿಂಚು ದಪ್ಪದ ತೆಂಗಿನ ನಾರಿನದು ನಮಗೆ ಸರಿಹೋಯಿತು. ಅಂಗೈ ಊರಿ ಮೈಭಾರ ಬಿಟ್ಟು ಎತ್ತಿದರೆ ಕೈ ಗುರುತು ಉಳಿಯಬಾರದು. ಮೆಮೊರಿ ಫೋಮ್ ಹಾಸಿಗೆ ಇಲ್ಲೇ ಫೇಲಾಗುತ್ತದೆ. ಹತ್ತಿ ಹಾಸಿಗೆ ಹೊಸದರಲ್ಲಿ ಗಟ್ಟಿ, ವರ್ಷ ಕಳೆದಂತೆ ನಡುವೆ ಕುಳಿ ಬೀಳುತ್ತದೆ. ಕುಳಿ ಬಿದ್ದರೆ ಮಗು ತಾಯಿಯ ಕಡೆಗೆ ಉರುಳುತ್ತದೆ. ಹಿಂಜಿಸಿ ಮತ್ತೆ ಹೊಲಿಸದೆ ಅದನ್ನು ಬಳಸಬೇಡಿ.

ಗೋಡೆ, ಬೀರು ಎಲ್ಲದರಿಂದ ಒಂದೂವರೆ ಅಡಿ ಬಿಟ್ಟು ಹಾಸಬೇಕು. ಕೆಳಗೊಂದು ಚಾಪೆ. ಬೆಳಿಗ್ಗೆ ಹಾಸಿಗೆಯನ್ನು ಎತ್ತಿ ಗೋಡೆಗೆ ಒರಗಿಸದಿದ್ದರೆ ಮಳೆಗಾಲದಲ್ಲಿ ಅಡಿಭಾಗಕ್ಕೆ ಬೂಷ್ಟು ಹಿಡಿಯುತ್ತದೆ; ಟೈಲ್ಸ್ ನೆಲದ ತಣ್ಣಗಿಗೆ ಮೈಯ ಬಿಸಿ ತಾಗಿ ನೀರು ಕಟ್ಟುವುದೇ ಕಾರಣ. ರಬ್ಬರ್ ಶೀಟು ಬೆಡ್‌ಶೀಟಿನ ಅಡಿಯಲ್ಲಿರಬೇಕು, ಮೇಲಲ್ಲ. ಬೆಡ್‌ಶೀಟನ್ನು ನಾಲ್ಕೂ ಕಡೆ ಒಂದು ಮೊಳದಷ್ಟು ಒಳಗೆ ಸೇರಿಸಿದರೆ ರಾತ್ರಿಯೆಲ್ಲ ಸುಕ್ಕಾಗದೆ ನಿಲ್ಲುತ್ತದೆ. ನೆಲದ ಹಾಸಿಗೆಗೆ ಇರುವೆ ಕಾಟ ತಪ್ಪಿದ್ದಲ್ಲ. ಕಕ್ಕಿದ ಹಾಲನ್ನು ಆಗಲೇ ಒರೆಸಿ, ಬಟ್ಟೆಯನ್ನು ರೂಮಿನಿಂದ ಹೊರಗೆ ಹಾಕಿದರೆ ಅರ್ಧ ಕಾಟ ಕಡಿಮೆ. ಇರುವೆ ಚಾಕ್‌ಪೀಸಿನಲ್ಲಿ ಹಾಸಿಗೆ ಸುತ್ತ ಗೆರೆ ಎಳೆಯುವುದು ಬೇಡವೇ ಬೇಡ, ಅದರಲ್ಲಿರುವುದು ಕೀಟನಾಶಕ.

ಮಲಗುವ ಕ್ರಮ: ಅಪ್ಪ ಒಂದು ಬದಿ, ಅಮ್ಮ ನಡುವೆ, ಮಗು ಅಮ್ಮನ ಇನ್ನೊಂದು ಬದಿ. ಇಬ್ಬರ ನಡುವೆ ಮಗು ಬೇಡ. ಅಲ್ಲಿ ಎರಡೂ ಕಡೆಯ ಹೊದಿಕೆ ಬಂದು ಸೇರುತ್ತದೆ. ದೊಡ್ಡ ಮಗುವೊಂದಿದ್ದರೆ ಅದು ಅಪ್ಪನ ಆಚೆಗೆ. ಅಮ್ಮ ಮಗುವಿನ ಕಡೆಗೆ ಮಗ್ಗುಲಾಗಿ ಮಲಗಿ, ಮಂಡಿ ಮಡಚಿ ಮಗುವಿನ ಕಾಲಿನ ಕೆಳಗಡೆ ತರಬೇಕು. ಕೆಳಗಿನ ಕೈ ಮಗುವಿನ ತಲೆಯ ಮೇಲ್ಗಡೆ ಚಾಚಿರಲಿ. ಮಗುವಿನ ಮುಖ ಎದೆಯ ಮಟ್ಟಕ್ಕೆ ಇರಬೇಕು, ದಿಂಬಿನ ಮಟ್ಟಕ್ಕಲ್ಲ. ಮಂಡಿ ಅಡ್ಡವಿರುವುದರಿಂದ ಮಗು ಕೆಳಗೆ ಹೊದಿಕೆಯೊಳಕ್ಕೆ ಜಾರುವುದಿಲ್ಲ. ಕೈ ಅಡ್ಡವಿರುವುದರಿಂದ ಮೇಲೆ ದಿಂಬಿನತ್ತ ಸರಿಯುವುದಿಲ್ಲ. ಈ ಭಂಗಿಯಲ್ಲಿ ಅಮ್ಮ ಮುಂದಕ್ಕೆ ಮಗುಚಿಕೊಳ್ಳುವುದೂ ಕಷ್ಟ. ಅಮ್ಮನಿಗೆ ಒಂದೇ ದಿಂಬು. ಹೊದಿಕೆ ಸೊಂಟದವರೆಗೆ ಮಾತ್ರ, ಚಳಿಗೆ ಮೇಲೆ ಮುಂಭಾಗ ತೆರೆಯುವ ಸ್ವೆಟರ್ರು.

ಹಾಲು ಕುಡಿದಾದ ಮೇಲೆ ಮಗುವನ್ನು ಅಂಗಾತ ಮಲಗಿಸಬೇಕು. "ಅಂಗಾತ ಮಲಗಿಸಿದರೆ ಕಕ್ಕಿದ ಹಾಲು ನೆತ್ತಿಗೇರುತ್ತೆ" ಎಂದು ಮನೆಯಲ್ಲಿ ಯಾರಾದರೂ ಖಂಡಿತ ಹೇಳುತ್ತಾರೆ. ಅಂಗಾತ ಮಲಗಿದಾಗ ಶ್ವಾಸನಾಳ ಮೇಲಿರುತ್ತದೆ, ಅನ್ನನಾಳ ಕೆಳಗಿರುತ್ತದೆ. ಉಕ್ಕಿ ಬಂದ ಹಾಲು ತಗ್ಗಿಗೇ ಇಳಿಯುತ್ತದೆ. ಬೋರಲು ಮಲಗಿಸಿದರೆ ಇದೇ ತಿರುಗುಮುರುಗು. ಮಲಗಿಸುವ ಮುಂಚೆ ಹೆಗಲ ಮೇಲೆ ಹಾಕಿಕೊಂಡು ತೇಗು ತರಿಸಿದರೆ ಕಕ್ಕುವುದೂ ಕಡಿಮೆ.

ತಲೆ ಗುಂಡಗಾಗಲಿ ಎಂದು ಇಡುವ ಸಾಸಿವೆ ದಿಂಬು, ಅಕ್ಕಪಕ್ಕ ಇಡುವ ಉದ್ದ ದಿಂಬುಗಳು ಹಾಸಿಗೆಯಲ್ಲಿ ಬೇಡ. ತಲೆಯ ಆಕಾರಕ್ಕೆ ಹಗಲಲ್ಲಿ, ಎದುರಲ್ಲೇ ಕೂತು, ಸ್ವಲ್ಪ ಹೊತ್ತು ಬೋರಲು ಹಾಕಿದರೆ ಸಾಕು. ಮಲಗುವ ಮುಂಚೆ ಅಮ್ಮನ ಕತ್ತು ನೋಡಬೇಕು: ಕರಿಮಣಿ ಸರ, ಅದಕ್ಕೆ ಸಿಕ್ಕಿಸಿದ ಪಿನ್ನು ತೆಗೆದಿಡಿ. ಮಾಂಗಲ್ಯ ತೆಗೆಯಲು ಅತ್ತೆ ಒಪ್ಪದಿದ್ದರೆ ಪಿನ್ನು ಕಳಚಿ, ಸರವನ್ನು ಬೆನ್ನ ಹಿಂದಕ್ಕೆ ಮಾಡಿ ನೈಟಿಯ ಒಳಗೆ ಸೇರಿಸಬಹುದು. ಉದ್ದ ಕೂದಲು ಗಂಟು ಹಾಕಿರಬೇಕು, ದುಪಟ್ಟಾ ಇರಬಾರದು. ಮಗುವಿನ ಕತ್ತಿನ ದೃಷ್ಟಿ ದಾರ, ಬಜೆ ದಾರ ರಾತ್ರಿ ಬಿಚ್ಚಿ. ಉಡಿದಾರದಿಂದ ತೊಂದರೆಯಿಲ್ಲ, ಬಿಗಿಯಾಗಿರದಿದ್ದರೆ.

ಹೆಚ್ಚು ಜಗಳವಾಗುವುದು ಕುಲಾವಿಯ ವಿಷಯಕ್ಕೆ. ಡಿಸೆಂಬರ್-ಜನವರಿಯಲ್ಲಿ ಇಲ್ಲಿನ ರಾತ್ರಿ ಸಾಮಾನ್ಯವಾಗಿ 15-16 ಡಿಗ್ರಿಗೆ ಇಳಿಯುತ್ತದೆ. ಕುಲಾವಿ, ಸ್ವೆಟರ್, ಕಾಲುಚೀಲ, ಮೇಲೊಂದು ಕೌದಿ ಎಂದು ಮೂಟೆ ಕಟ್ಟುವುದು ರೂಢಿ. ಆದರೆ ಎಳೆಮಗು ಬಿಸಿ ಹೊರಹಾಕುವುದೇ ಬಹುಪಾಲು ತಲೆ-ಮುಖದಿಂದ. ಪಕ್ಕದಲ್ಲಿ ತಾಯಿಯ ಮೈಕಾವೂ ಇರುವಾಗ ತಲೆ ಮುಚ್ಚಿದರೆ ಮಗುವಿನ ಮೈ ಬಿಸಿಯೇರುತ್ತದೆ. ನಿದ್ದೆಯಲ್ಲಾಗುವ ಹಠಾತ್ ಸಾವಿನ ಅಪಾಯ ಹೆಚ್ಚಿಸುವ ಸಂಗತಿಗಳಲ್ಲಿ ಅತಿಯಾದ ಕಾವೂ ಒಂದು. ನಾವು ಹಾಕುತ್ತಿದ್ದದ್ದು ಹತ್ತಿಯ ಜುಬ್ಬಾ, ಅದರ ಮೇಲೆ ಪೂರ್ತಿ ತೋಳಿನ ಅಂಗಿ, ಪೈಜಾಮ, ಕಾಲುಚೀಲ. ಮಗುವಿಗೆ ಹೊದಿಕೆ ಇಲ್ಲ, ಬಟ್ಟೆಯಲ್ಲಿ ಸುತ್ತುವುದೂ ಇಲ್ಲ. ಏಪ್ರಿಲಿನಲ್ಲಿ ಬರೀ ಜುಬ್ಬಾ, ಫ್ಯಾನು ಎರಡರಲ್ಲಿ. ಕೈ ಕಾಲು ಮುಟ್ಟಿ ಚಳಿ ಅಳೆಯಬೇಡಿ, ಅವು ತಣ್ಣಗಿರುವುದು ಸಹಜ. ಕತ್ತಿನ ಹಿಂಭಾಗಕ್ಕೆ ಬೆರಳಿಡಿ. ಒದ್ದೆ ಅಥವಾ ಬಿಸಿ ಅನಿಸಿದರೆ ಒಂದು ಬಟ್ಟೆ ತೆಗೆಯಿರಿ.

ಸೊಳ್ಳೆ ಬತ್ತಿಯ ಹೊಗೆ, ಮಲಗುವ ಕೋಣೆಯಲ್ಲಿ ಸಾಂಬ್ರಾಣಿ ಹೊಗೆ ಎರಡೂ ಬೇಡ. ಕೊಡೆಯಂತೆ ಬಿಚ್ಚುವ ಮಗುವಿನ ಪರದೆ ಇಲ್ಲಿ ಉಪಯೋಗಕ್ಕೆ ಬಾರದು, ಹಾಲು ಕುಡಿಸುವಾಗಲೆಲ್ಲ ಎತ್ತಬೇಕು. ಇಡೀ ಹಾಸಿಗೆಗೆ ಆಗುವ ಪರದೆಯನ್ನು ನಾಲ್ಕು ಮೂಲೆಯಿಂದ ಬಿಗಿಯಾಗಿ ಕಟ್ಟಿ, ಅಂಚನ್ನು ಹಾಸಿಗೆಯ ಅಡಿಗೆ ತೂರಿಸಿ. ಸಡಿಲ ಬಿಟ್ಟರೆ ಅದೇ ಮುಖದ ಮೇಲೆ ಬೀಳುತ್ತದೆ.

ನಾಲ್ಕೈದು ತಿಂಗಳಿಗೆ ಮಗು ಮಗುಚಿಕೊಳ್ಳಲು ಶುರುಮಾಡಿದರೆ ಬೆಳಗಾಗುವಷ್ಟರಲ್ಲಿ ನೆಲದ ಮೇಲಿರುವುದೂ ಉಂಟು. ನಾಲ್ಕಿಂಚಿನಿಂದ ಉರುಳಿದರೆ ಪೆಟ್ಟಾಗುವುದಿಲ್ಲ, ಹಾಸಿಗೆಯ ಸುತ್ತ ಒಂದು ಪದರ ಜಮಖಾನ ಸಾಕು. ಅಂಬೆಗಾಲಿಡುವ ಹೊತ್ತಿಗೆ ಮಾತ್ರ ಇಡೀ ರೂಮೇ ತೊಟ್ಟಿಲು ಅಂದುಕೊಳ್ಳಬೇಕು. ಕೆಳಗಿನ ಪ್ಲಗ್ ಪಾಯಿಂಟಿಗೆ ಮುಚ್ಚಳ, ಬೀರುವಿಗೆ ಗೋಡೆಯ ಸ್ಕ್ರೂ, ಮೊಬೈಲ್ ಚಾರ್ಜರ್ ವೈರು ಮೇಜಿನ ಮೇಲೆ, ಬಾತ್‌ರೂಮಿನ ಬಾಗಿಲಿಗೆ ಹೊರಗಿನಿಂದ ಚಿಲಕ. ನೀರು ತುಂಬಿದ ಬಕೆಟ್ ರಾತ್ರಿ ಒಳಗೂ ಇರಬಾರದು.